27 ಸ್ಪ್ಲೈನ್‌ನಿಂದ 31ಕ್ಕೆ: ಹಿಂದಿನ ಆಕ್ಸಲ್ ಬದಲಿಸಿ ನಾಲ್ಕು ವರ್ಷ

ಗಾಡಿಯ ಹಿಂದಿನ ಆಕ್ಸಲ್ (ಹಿಂದಿನ ಎರಡು ಚಕ್ರಗಳನ್ನು ತಿರುಗಿಸುವ ಅಡ್ಡ ಭಾಗ) ತೆಗೆದು ಫೋರ್ಡ್ 8.8 ಅನ್ನುವ ಇನ್ನೊಂದು ಆಕ್ಸಲ್ ಹಾಕಿಸಿ ನಾಲ್ಕು ವರ್ಷ ಆಯ್ತು. ಓಡಿದ್ದು 38,000 ಕಿಲೋಮೀಟರ್. ಅದರಲ್ಲಿ ಕಾಲು ಭಾಗ ಕಲ್ಲು, ಕೆಸರು, ಹೊಳೆ ದಾಟುವ ದಾರಿ. ಇಷ್ಟು ದಿನದಲ್ಲಿ ಆಕ್ಸಲ್ ಶಾಫ್ಟ್, ಅಂದರೆ ಒಳಗಿದ್ದು ಚಕ್ರ ತಿರುಗಿಸುವ ಉಕ್ಕಿನ ಕಂಬಿ, ಒಂದು ಸಲವೂ ಕೈ ಕೊಟ್ಟಿಲ್ಲ. ತೊಂದರೆ ಬಂದದ್ದೆಲ್ಲ ಅದರ ಸುತ್ತಮುತ್ತಲಿನ ಕೆಲಸದಿಂದ. ಗಟ್ಟಿ ಆಕ್ಸಲ್ ಹುಡುಕುವಾಗ ಎಲ್ಲರೂ ಶಾಫ್ಟ್ ಎಷ್ಟು ದಪ್ಪ, ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದುದ್ದ ಹಲ್ಲುಗಳು) ಎಷ್ಟು ಅಂತಲೇ ಕೇಳುತ್ತಾರೆ. ನಾನೂ ಅಷ್ಟನ್ನೇ ಕೇಳಿದ್ದೆ. ಬೇರೆಯವರಾದರೂ ಉಳಿದದ್ದನ್ನು ಮೊದಲೇ ನೋಡಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹಳೆಯ ಫೋರ್ ವೀಲ್ ಡ್ರೈವ್. 4 ಲೀಟರ್ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರ್, ಹಿಂದೆ ಲೀಫ್ ಸ್ಪ್ರಿಂಗ್. ಜೊತೆಗೆ ಬಂದ ಹಿಂದಿನ ಆಕ್ಸಲ್‌ಗೆ 27 ಸ್ಪ್ಲೈನ್, ಸುಮಾರು 30 ಮಿ.ಮೀ. ದಪ್ಪದ ಶಾಫ್ಟ್, ಏಳೂವರೆ ಇಂಚಿನ ಕ್ರೌನ್ (ಆಕ್ಸಲ್ ಒಳಗಿನ ದೊಡ್ಡ ಗೇರ್). 29 ಇಂಚಿನ ಟಯರ್ ಇರುವವರೆಗೆ ಅದು ಒಂದು ಮಾತೂ ಆಡಲಿಲ್ಲ. ನಾನು 33 ಇಂಚಿನ ಟಯರ್ ಹಾಕಿದೆ. ಆಮೇಲೆ ಹಿಂದಕ್ಕೆ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಮಾಡುವ ಸಾಧನ) ಕೂರಿಸಿದೆ. ಎಂಟು ತಿಂಗಳಿಗೆ ಮುರಿಯಿತು.

ಮುರಿದದ್ದು ಹೀಗೆ. ಲೋ ರೇಂಜ್‌ನಲ್ಲಿ, ಅಂದರೆ ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರ್‌ನಲ್ಲಿ, ಮೊಣಕಾಲೆತ್ತರದ ಬಂಡೆ ಹತ್ತುತ್ತಿದ್ದೆ. ಎಡಗಡೆಯ ಹಿಂದಿನ ಚಕ್ರ ಗಾಳಿಯಲ್ಲಿತ್ತು. ಲಾಕರ್ ಇದ್ದದ್ದರಿಂದ ಭಾರವೆಲ್ಲ ಬಲಗಡೆಯ ಶಾಫ್ಟ್ ಮೇಲೆ ಬಿತ್ತು. ಟಯರ್ ಒಂದು ಕ್ಷಣ ಜಾರಿತು, ಪಟ್ಟನೆ ಹಿಡಿತ ಸಿಕ್ಕಿತು, ನನ್ನ ಕಾಲು ಇನ್ನೂ ಆಕ್ಸಿಲರೇಟರ್ ಮೇಲೇ ಇತ್ತು. "ಟಣ್" ಅಂತ ಒಂದೇ ಸದ್ದು. ಇಳಿದು ನೋಡಿದರೆ ಬಲ ಚಕ್ರ ಬ್ರೇಕ್ ಡ್ರಮ್ ಸಮೇತ ನಾಲ್ಕು ಬೆರಳಿನಷ್ಟು ಹೊರಗೆ ಬಂದಿತ್ತು. ಎದೆ ಝಲ್ಲೆಂದಿತು. ಈ ಥರದ ಆಕ್ಸಲ್‌ನಲ್ಲಿ ಶಾಫ್ಟ್ ಅನ್ನು ಹಿಡಿದಿಡುವುದು ಡಿಫರೆನ್ಷಿಯಲ್ (ಎರಡು ಶಾಫ್ಟ್‌ಗಳಿಗೂ ಬಲ ಹಂಚುವ ನಡುವಿನ ಗೇರ್ ಸೆಟ್) ಒಳಗಿರುವ ಒಂದು ಸಣ್ಣ ಸಿ-ಕ್ಲಿಪ್ ಮಾತ್ರ. ಶಾಫ್ಟ್ ತುಂಡಾದರೆ ಹೊರಗಿನ ತುಂಡನ್ನು ಹಿಡಿಯುವವರು ಯಾರೂ ಇಲ್ಲ. ಇದು ರಸ್ತೆಯಲ್ಲಿ 80ರ ವೇಗದಲ್ಲಿ ಆಗಿದ್ದರೆ ಅಂತ ಈಗಲೂ ಯೋಚನೆ ಬರುತ್ತದೆ.

ನನ್ನ ಕಣ್ಣು ತೆರೆಸಿದ್ದು ಮುರಿಯದೆ ಉಳಿದ ಎಡಗಡೆಯ ಶಾಫ್ಟ್. ಅದನ್ನು ಎಳೆದು, ಎಣ್ಣೆ ಒರೆಸಿ, ಬಿಸಿಲಿಗೆ ಹಿಡಿದೆ. ನೇರವಾಗಿ ಇರಬೇಕಾದ ಸ್ಪ್ಲೈನ್ ಗೆರೆಗಳು ತುದಿಯಲ್ಲಿ ಹುರಿ ಹಾಕಿದ ಹಗ್ಗದ ಹಾಗೆ ಓರೆಯಾಗಿ ಸುತ್ತಿಕೊಂಡಿದ್ದವು. ಅಂದರೆ ಆ ಉಕ್ಕು ಎಷ್ಟೋ ತಿಂಗಳಿಂದ ಸೋಲುತ್ತಾ ಬಂದಿತ್ತು. ಲಾಕರ್ ಹಾಕಿದ ಮೇಲೆ ಒಂದೇ ಒಂದು ಸಲ ಶಾಫ್ಟ್ ಹೊರಗೆಳೆದು ನೋಡಿದ್ದರೂ ಗೊತ್ತಾಗುತ್ತಿತ್ತು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಎಂಜಿನ್ ಟಾರ್ಕ್ (ತಿರುಗಿಸುವ ಬಲ) 305 ಎನ್ಎಂ. ಮೊದಲ ಗೇರ್ 3.83, ಲೋ ರೇಂಜ್ 2.72, ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್, ಇವೆರಡರ ಅನುಪಾತ 3.55. ಎಲ್ಲ ಗುಣಿಸಿದರೆ 11,000 ಎನ್ಎಂ ದಾಟುತ್ತದೆ. ಟಯರ್ ಜಾರುವುದರಿಂದ ಅಷ್ಟೂ ಶಾಫ್ಟ್‌ವರೆಗೆ ಬರುವುದಿಲ್ಲ. ಆದರೆ ದೊಡ್ಡ ಟಯರ್ ಜಾರುವುದು ಕಡಿಮೆ. ಲಾಕರ್ ಇಲ್ಲದಿದ್ದರೆ ಎರಡು ಶಾಫ್ಟ್‌ಗಳಿಗೂ ಸಮಪಾಲು. ಲಾಕರ್ ಇದ್ದರೆ ಎಷ್ಟೋ ಸಲ ಒಂದೇ ಶಾಫ್ಟ್ ಎಲ್ಲವನ್ನೂ ಹೊರಬೇಕು.

ಇನ್ನು ಶಾಫ್ಟ್ ದಪ್ಪದ ವಿಷಯ. ತಿರುಚುವ ಬಲವನ್ನು ಶಾಫ್ಟ್ ಎಷ್ಟು ತಡೆಯುತ್ತದೆ ಅನ್ನುವುದು ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ವ್ಯಾಸವನ್ನು ಅದರಿಂದಲೇ ಎರಡು ಸಲ ಗುಣಿಸಿ ನೋಡಿ. 30 ಮಿ.ಮೀ.ಗೆ 27,000. 8.8ರ 31 ಸ್ಪ್ಲೈನ್ ಶಾಫ್ಟ್ ಸುಮಾರು 33.5 ಮಿ.ಮೀ.; ಅದಕ್ಕೆ 37,600ರ ಹತ್ತಿರ. ಬರೀ ಮೂರೂವರೆ ಮಿ.ಮೀ. ಜಾಸ್ತಿ, ಶಕ್ತಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಜಾಸ್ತಿ. ಇನ್ನೂ ದೊಡ್ಡದಾದ ಡೇನಾ 60 ಅನ್ನುವ ಆಕ್ಸಲ್ಲಿನ 35 ಸ್ಪ್ಲೈನ್ ಶಾಫ್ಟ್ 38 ಮಿ.ಮೀ., ಅಂದರೆ ಶಕ್ತಿಯಲ್ಲಿ ನನ್ನ ಹಳೆಯದರ ಎರಡರಷ್ಟು. ಇದು ಉಕ್ಕು ಒಂದೇ ಥರದ್ದು ಅಂತ ಇಟ್ಟುಕೊಂಡ ಲೆಕ್ಕ. 4340 ಕ್ರೋಮೋಲಿ (ಒಂದು ಗಟ್ಟಿ ಮಿಶ್ರ ಉಕ್ಕು) ಶಾಫ್ಟ್ ಹಾಕಿದರೆ ಅದೇ ದಪ್ಪದಲ್ಲಿ ಇನ್ನೂ ಗಟ್ಟಿ.

ಹಾಗಾದರೆ ನೇರವಾಗಿ ಡೇನಾ 60 ಯಾಕೆ ಹಾಕಲಿಲ್ಲ? ತುಂಬಾ ಆಸೆ ಇತ್ತು. ಅದರ ಫುಲ್ ಫ್ಲೋಟಿಂಗ್ ಮಾದರಿಯಲ್ಲಿ ಗಾಡಿಯ ಭಾರ ಹೊರುವುದು ಚಕ್ರದ ಹಬ್ ಮತ್ತು ಹೌಸಿಂಗ್ (ಆಕ್ಸಲ್ಲಿನ ಹೊರಕವಚ), ಶಾಫ್ಟ್ ತಿರುಗಿಸುವ ಕೆಲಸ ಮಾತ್ರ ಮಾಡುತ್ತದೆ. ಶಾಫ್ಟ್ ಮುರಿದರೂ ಚಕ್ರ ಜಾಗದಲ್ಲೇ ಇರುತ್ತದೆ. ಆದರೆ ಅದರ 9.75 ಇಂಚಿನ ಕ್ರೌನ್‌ಗೆ ದೊಡ್ಡ ಹೊಟ್ಟೆಯ ಹೌಸಿಂಗ್ ಬೇಕು. 33 ಇಂಚಿನ ಟಯರ್‌ನಲ್ಲಿ ಆ ಹೊಟ್ಟೆ ಪ್ರತಿ ಕಲ್ಲಿಗೂ ತಾಗುತ್ತದೆ. ಸಾಮಾನ್ಯವಾಗಿ ಅದಕ್ಕೆ ಎಂಟು ಬೋಲ್ಟ್‌ನ ಚಕ್ರ. ನನ್ನ ಮುಂದಿನ ಚಕ್ರಗಳಿಗೆ ಐದು ಬೋಲ್ಟ್. ತೂಕ ಬೇರೆ ಜಾಸ್ತಿ, ಅದೂ ಸ್ಪ್ರಿಂಗ್ ಕೆಳಗಿನ ತೂಕ. 37 ಇಂಚಿಗೆ ಹೋಗುವವರಿಗೆ ಅದು ಸರಿ. ನಾನು 33ರಲ್ಲೇ ನಿಲ್ಲುವವನು.

ಡೇನಾ 44 ಒಳ್ಳೆಯ ಆಕ್ಸಲ್. 30 ಸ್ಪ್ಲೈನ್, 8.5 ಇಂಚಿನ ಕ್ರೌನ್. ನನಗೆ ಸರಿಯಾದ ಅಗಲದ್ದು ಸಿಗಲಿಲ್ಲ, ಅಷ್ಟೇ. ಫೋರ್ಡ್ 9 ಇಂಚಿನ ಆಕ್ಸಲ್‌ನಲ್ಲಿ ಗೇರ್ ಭಾಗವೆಲ್ಲ ಒಟ್ಟಿಗೆ ಮುಂದಿನಿಂದ ಕಳಚಿ ಬರುತ್ತದೆ, ರಿಪೇರಿ ಸುಲಭ. ಆದರೆ ಅದರ ಪಿನಿಯನ್ ತುಂಬಾ ಕೆಳಗೆ ಇರುವುದರಿಂದ ಪಿನಿಯನ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗುತ್ತದೆ. ಎತ್ತರಿಸಿದ, ಗಿಡ್ಡ ಗಾಡಿಗೆ ಅದು ತಲೆನೋವು.

ಹೀಗೆ 8.8ಕ್ಕೆ ಬಂದೆ. 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್‌ನದ್ದು, ಗುಜರಿಯಿಂದ ತಂದದ್ದು. ಡಿಸ್ಕ್ ಬ್ರೇಕ್ ಜೊತೆಗೇ ಬರುತ್ತದೆ. ಐದು ಬೋಲ್ಟ್, 114.3 ಮಿ.ಮೀ. ವೃತ್ತ, ನನ್ನ ಚಕ್ರಗಳಿಗೂ ಅದೇ ಅಳತೆ. ಅಗಲವೂ ಹತ್ತಿರ ಹತ್ತಿರ. ನನಗೆ ಸಿಕ್ಕಿದ್ದರಲ್ಲಿ 4.10 ಕ್ರೌನ್ ಪಿನಿಯನ್ ಇತ್ತು. 3.55ರಲ್ಲಿ 29 ಇಂಚಿನ ಟಯರ್ ಓಡಿದ ಹಾಗೇ 33 ಇಂಚಿನದ್ದು ಓಡಬೇಕಾದರೆ ಬೇಕಾಗುವುದು 4.04. ಇದಕ್ಕಿಂತ ಹೊಂದುವುದು ಸಿಗುವುದಿಲ್ಲ. ಆದರೆ ಹಿಂದೆ 4.10 ಹಾಕಿದರೆ ಮುಂದೆಯೂ 4.10 ಹಾಕಲೇಬೇಕು. ಎರಡೂ ಬೇರೆ ಬೇರೆ ಇಟ್ಟುಕೊಂಡು ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್‌ಗಳೂ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಗೇರ್ ಪೆಟ್ಟಿಗೆ) ಹಾಳಾಗುತ್ತದೆ. ಹಾಗಾಗಿ ಕೆಲಸ ಒಂದಲ್ಲ, ಎರಡು ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಗುಜರಿಯಲ್ಲಿ ಕೊಳ್ಳುವಾಗ ಒಂದು ವಿಷಯ ತಪ್ಪದೆ ನೋಡಿ. ಈ ಆಕ್ಸಲ್‌ನಲ್ಲಿ ಚಕ್ರದ ಕಡೆಯ ಬೇರಿಂಗ್‌ಗೆ ಒಳಗಿನ ರೇಸ್ (ರೋಲರ್ ಓಡುವ ಉಂಗುರ) ಇಲ್ಲ. ರೋಲರ್‌ಗಳು ನೇರವಾಗಿ ಶಾಫ್ಟ್ ಮೇಲೇ ಓಡುತ್ತವೆ. ಎಣ್ಣೆ ಕೆಟ್ಟಿದ್ದರೆ ಶಾಫ್ಟ್ ಮೇಲೆ ಹಳ್ಳ ಬಿದ್ದಿರುತ್ತದೆ. ಶಾಫ್ಟ್ ಎಳೆದು, ಒರೆಸಿ, ಆ ಜಾಗದಲ್ಲಿ ಉಗುರು ಎಳೆಯಿರಿ. ಉಗುರು ಸಿಕ್ಕಿಹಾಕಿಕೊಂಡರೆ ಆ ಶಾಫ್ಟ್ ಬೇಡ. ನಾನು ಮೊದಲು ನೋಡಿದ ಆಕ್ಸಲ್ ಹೊರಗಿನಿಂದ ಚೆನ್ನಾಗಿತ್ತು, ಉಗುರಿಗೆ ಸಿಕ್ಕಿತು, ಬಿಟ್ಟು ಬಂದೆ.

ಇನ್ನು ಕೂರಿಸುವ ಕೆಲಸ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ.

8.8ರ ಎರಡೂ ಕಡೆಯ ಟ್ಯೂಬ್‌ಗಳನ್ನು ನಡುವಿನ ಎರಕದ ಹೌಸಿಂಗ್‌ಗೆ ಒತ್ತಿ ಕೂರಿಸಿ, ಕೆಲವು ಕಡೆ ಮಾತ್ರ ಬೆಸೆದಿರುತ್ತಾರೆ. ದೊಡ್ಡ ಟಯರ್, ಲೋ ರೇಂಜ್ ಸೇರಿದರೆ ಟ್ಯೂಬ್ ಹೌಸಿಂಗ್ ಒಳಗೇ ತಿರುಗಿಬಿಡಬಹುದು. ಅದಕ್ಕೆ ಸುತ್ತಲೂ ವೆಲ್ಡಿಂಗ್ ಮಾಡಿಸಬೇಕು. ಎರಕದ ಮೇಲೆ ವೆಲ್ಡಿಂಗ್ ಅಂದರೆ ಸುಮ್ನೆ ಅಲ್ಲ. ಮೊದಲು ಹೌಸಿಂಗ್ ಬಿಸಿ ಮಾಡಬೇಕು, ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ ಅಂತ ಚಿಕ್ಕ ಚಿಕ್ಕದಾಗಿ ಎಳೆಯಬೇಕು, ನಿಧಾನಕ್ಕೆ ತಣಿಯಲು ಬಿಡಬೇಕು. ಅವಸರ ಮಾಡಿದರೆ ಎರಕ ಬಿರುಕು ಬಿಡುತ್ತದೆ, ಇಲ್ಲವೇ ಟ್ಯೂಬ್ ಡೊಂಕಾಗಿ ಬೇರಿಂಗ್, ಆಯಿಲ್ ಸೀಲ್ ಎರಡನ್ನೂ ತಿನ್ನುತ್ತದೆ. ನನ್ನದಕ್ಕೆ ಈ ಕೆಲಸ ಚೆನ್ನಾಗಿ ಆಯಿತು.

ಕೆಟ್ಟದ್ದು ಸ್ಪ್ರಿಂಗ್ ಪ್ಯಾಡ್ (ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರುವ ಪೀಠ). ಹಳೆಯ ಪ್ಯಾಡ್ ಕತ್ತರಿಸಿ ಹೊಸದನ್ನು ಬೆಸೆಯುವಾಗ ಪಿನಿಯನ್ ಯಾವ ಕೋನದಲ್ಲಿ ನೋಡುತ್ತದೆ ಅನ್ನುವುದು ತೀರ್ಮಾನ ಆಗಿಹೋಗುತ್ತದೆ. ಕೆಲಸ ಮಾಡಿದ ಗ್ಯಾರೇಜ್‌ನವರು ಹಳೆಯ ಆಕ್ಸಲ್‌ನ ಕೋನವನ್ನೇ ಟೇಬಲ್ ಮೇಲೆ ನಕಲು ಮಾಡಿ ಪೂರ್ತಿ ಬೆಸೆದುಬಿಟ್ಟರು. ಗಾಡಿ ಎತ್ತರಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 65 ಕಿ.ಮೀ. ವೇಗ ದಾಟುತ್ತಿದ್ದ ಹಾಗೇ ನೆಲದಿಂದ ನಡುಕ ಶುರು. ಮೂರು ತಿಂಗಳಿಗೆ ಪ್ರೊಪೆಲ್ಲರ್ ಶಾಫ್ಟ್ ತುದಿಯ ಬಾಗುವ ಕೀಲು, ಅಂದರೆ ಒಂದು ಯು-ಜಾಯಿಂಟ್ ಕ್ರಾಸ್, ಹೋಯಿತು. ಎರಡೂ ತುದಿಯಲ್ಲಿ ಒಂದೊಂದೇ ಕ್ರಾಸ್ ಇರುವ ಪ್ರೊಪೆಲ್ಲರ್ ಶಾಫ್ಟ್ ಆದರೆ ಟ್ರಾನ್ಸ್‌ಫರ್ ಕೇಸ್‌ನ ಹೊರಶಾಫ್ಟ್ ಮತ್ತು ಪಿನಿಯನ್ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು. ಟ್ರಾನ್ಸ್‌ಫರ್ ಕೇಸ್ ಕಡೆ ಡಬಲ್ ಜಾಯಿಂಟ್ ಇದ್ದರೆ ಪಿನಿಯನ್ ನೇರವಾಗಿ ಅದರ ಕಡೆಗೇ ನೋಡಬೇಕು, ಒಂದೆರಡು ಡಿಗ್ರಿ ಕೆಳಗೆ. ನಾನು ಕೋನ ಅಳೆಯುವ ಗೇಜ್ ತಂದು ಅಳೆದೆ. ನಾಲ್ಕು ಡಿಗ್ರಿ ತಪ್ಪು. ಮೊದಲು ಓರೆ ಶಿಮ್ (ಅಳತೆ ಹೊಂದಿಸಲು ಇಡುವ ತೆಳು ತುಂಡು) ಹಾಕಿ ನೋಡಿದೆ, ನಡುಕ ನಿಂತಿತು. ಆಮೇಲೆ ಬೇರೆ ಕಡೆ ಪ್ಯಾಡ್ ಕತ್ತರಿಸಿ ಸರಿಯಾಗಿ ಬೆಸೆಸಿದೆ. ನೀವು ಮಾಡಿಸುವುದಾದರೆ ಮೊದಲು ಬರೀ ಟ್ಯಾಕ್ (ತಾತ್ಕಾಲಿಕ ಸಣ್ಣ ಬೆಸುಗೆ) ಹಾಕಿಸಿ. ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಬಿಟ್ಟು ಕೋನ ಅಳೆಯಿರಿ. ಆಮೇಲೇ ಪೂರ್ತಿ ವೆಲ್ಡಿಂಗ್.

8.8ರ ಪಿನಿಯನ್ ನಟ್ಟನಡುವೆ ಇಲ್ಲ, ಬಲಕ್ಕೆ ಸುಮಾರು ಎರಡು ಇಂಚು ಸರಿದಿದೆ. ಇದಕ್ಕೆ ಹೆದರಿದ್ದೆ, ಏನೂ ಆಗಲಿಲ್ಲ. ಪಿನಿಯನ್ ಮೇಲಿನ ದುಂಡು ಫ್ಲ್ಯಾಂಜ್‌ಗೆ ಅಡಾಪ್ಟರ್ ಬೇಕಾಯಿತು. ಪ್ರೊಪೆಲ್ಲರ್ ಶಾಫ್ಟ್ ಉದ್ದವನ್ನೂ ಹೊಸದಾಗಿ ಅಳೆಯಬೇಕು.

ಲಾಕರ್ ಹಾಕಲು ಕ್ಯಾರಿಯರ್ (ಕ್ರೌನ್ ಕೂರುವ ಡಿಫರೆನ್ಷಿಯಲ್ ಭಾಗ) ಹೊರಗೆ ತೆಗೆದಾಗ ಎಡ ಬಲದ ಶಿಮ್‌ಗಳನ್ನು ಬೇರೆ ಬೇರೆ ಚೀಲದಲ್ಲಿ ಗುರುತು ಹಾಕಿ ಇಟ್ಟೆವು. ಮತ್ತೆ ಕೂರಿಸಿ ಡಯಲ್ ಗೇಜ್‌ನಲ್ಲಿ ನೋಡಿದಾಗ ಬ್ಯಾಕ್‌ಲ್ಯಾಷ್ (ಹಲ್ಲುಗಳ ನಡುವಿನ ಸಡಿಲ) 0.2 ಮಿ.ಮೀ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದರೆ ಗುರುತು ಹಲ್ಲಿನ ನಡುವೆಯೇ ಬಿತ್ತು. ಮೊದಲ 800 ಕಿ.ಮೀ. ನಿಧಾನಕ್ಕೆ ಓಡಿಸಿ ಎಣ್ಣೆ ಬದಲಿಸಿದೆ. ಇವತ್ತಿನವರೆಗೆ ಗೇರ್ ಕೂಗಿಲ್ಲ.

ಎರಡನೇ ವರ್ಷ ನನ್ನ ತಪ್ಪಿನಿಂದಲೇ ಒಂದು ಆಯಿತು. ಆಕ್ಸಲ್ ಒಳಗೆ ಗಾಳಿ ಆಡಲು ಇರುವ ಬ್ರೀದರ್ ಪೈಪನ್ನು ಆಕ್ಸಲ್ ಮಟ್ಟದಲ್ಲೇ ಬಿಟ್ಟಿದ್ದೆ. ತುಂಬಾ ಹೊತ್ತು ಓಡಿ ಬಿಸಿಯಾಗಿದ್ದ ಆಕ್ಸಲ್ ಹೊಳೆಯ ತಣ್ಣೀರಿಗೆ ಇಳಿಯಿತು. ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಂಡಿತು. ವಾರ ಕಳೆದು ಕವರ್ ಬಿಚ್ಚಿದರೆ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಬೇರಿಂಗ್ ಉಳಿದದ್ದು ಪುಣ್ಯ. ಈಗ ಬ್ರೀದರ್ ಪೈಪ್ ಹಿಂದಿನ ಲೈಟ್ ಎತ್ತರದವರೆಗೆ ಹೋಗಿದೆ. ನೀರಿಗೆ ಇಳಿದ ಪ್ರತಿ ಸಲ ಫಿಲ್ಲರ್ ಪ್ಲಗ್ ತೆಗೆದು ಬೆರಳು ಅದ್ದಿ ನೋಡುತ್ತೇನೆ.

ಬ್ರೇಕ್ ಬಗ್ಗೆ ಖುಷಿ ಇದೆ. ಕೆಸರಿನಿಂದ ಹೊರಗೆ ಬಂದ ಮೇಲೆ ಡ್ರಮ್‌ನ ಹಾಗೆ ಅರ್ಧ ಗಂಟೆ ಒದ್ದಾಡುವುದಿಲ್ಲ. ಆದರೆ ಮುಂದೆ ಹಿಂದೆ ಬ್ರೇಕ್ ಹಂಚುವ ವಾಲ್ವ್ ಹೊಂದಿಸಿಕೊಳ್ಳದೆ ರಸ್ತೆಗೆ ತರಬೇಡಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ತಿರುಗಿಬಿಡುತ್ತದೆ. ಹ್ಯಾಂಡ್‌ಬ್ರೇಕ್ ಡಿಸ್ಕ್ ಒಳಗಿನ ಚಿಕ್ಕ ಶೂಗಳದ್ದು. ಅಲ್ಲಿ ಕೆಸರು ಕೂರುತ್ತದೆ. ಆರು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯುತ್ತೇನೆ.

8.8 ಕೂಡ ಸಿ-ಕ್ಲಿಪ್ ಆಕ್ಸಲ್ಲೇ, ಇದನ್ನು ಮುಚ್ಚಿಡುವುದು ಬೇಡ. ಬ್ರೇಕ್ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಇರುವುದರಿಂದ ಶಾಫ್ಟ್ ಮುರಿದರೂ ಚಕ್ರ ತಕ್ಷಣ ಜಾರಿ ಹೋಗುವುದು ಕಡಿಮೆ, ಆದರೆ ಅದನ್ನೇ ನಂಬಿ ಓಡಿಸುವ ಹಾಗಿಲ್ಲ. 35 ಇಂಚಿಗಿಂತ ದೊಡ್ಡ ಟಯರ್, ಲಾಕರ್, ಭಾರದ ಗಾಡಿ ಮೂರೂ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಫುಲ್ ಫ್ಲೋಟಿಂಗ್ ಕಡೆಗೇ ಹೋಗಿ. 31 ಇಂಚು, ಲಾಕರ್ ಇಲ್ಲ ಅನ್ನುವವರು ಇರುವ ಆಕ್ಸಲ್‌ನಲ್ಲೇ ಆರಾಮಾಗಿ ಓಡಿಸಬಹುದು, ಸುಮ್ನೆ ಖರ್ಚು ಯಾಕೆ ಅಲ್ವಾ? ನಡುವಿನವರಿಗೆ, ಅಂದರೆ 33 ಇಂಚು, ಲಾಕರ್, ಹಗುರ ಗಾಡಿ ಇರುವವರಿಗೆ, ಇದು ಸರಿಯಾದ ಜಾಗ.

ಹೋದ ತಿಂಗಳು ವರ್ಷದ ತಪಾಸಣೆಗೆ ಎರಡೂ ಶಾಫ್ಟ್ ಎಳೆದೆ. ಹಾಕಿದ ದಿನ ಪ್ರತಿ ಶಾಫ್ಟ್ ಮೇಲೆ ಉದ್ದಕ್ಕೆ ಒಂದು ಬಿಳಿ ಬಣ್ಣದ ಗೆರೆ ಎಳೆದಿದ್ದೆ, ತಿರುಚಿಕೊಂಡರೆ ಮೊದಲು ಗೆರೆಯೇ ಹೇಳಲಿ ಅಂತ. ಎಣ್ಣೆ ಒರೆಸಿ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ಗೆರೆ ಅಲ್ಲಲ್ಲಿ ಅಳಿಸಿದೆ, ಆದರೆ ಉಳಿದಷ್ಟೂ ನೇರವಾಗಿದೆ. ಸ್ಪ್ಲೈನ್‌ಗಳೂ ನೇರ. ಎಡಗಡೆಯ ಆಯಿಲ್ ಸೀಲ್ ಮಾತ್ರ ಸ್ವಲ್ಪ ಒದ್ದೆ ಇತ್ತು. ಹೊಸದು ಹಾಕಿ ಮುಚ್ಚಿದೆ.