ಮೇ ತಿಂಗಳಿಗೆ ಕಡಲೋ, ಹಿನ್ನೀರೋ? ನನ್ನ ಮತ ಗೋಕರ್ಣಕ್ಕೆ

ಬೇಸಿಗೆ ರಜೆಗೆ ಗೋಕರ್ಣದ ಕಡಲೋ, ಶರಾವತಿಯ ಹಿನ್ನೀರೋ ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಗೋಕರ್ಣ ಎನ್ನುತ್ತೇನೆ. ಎರಡೂ ಕಡೆ ಮನೆಮಂದಿಯ ಜೊತೆ ಉಳಿದು ಬಂದ ಮೇಲೆ ಹೇಳುತ್ತಿರುವ ಮಾತು ಇದು. ಬೆಂಗಳೂರಿನಿಂದ ಎರಡಕ್ಕೂ ರಾತ್ರಿ ರೈಲು ಇದೆ. ಒಂದು ಗೋಕರ್ಣ ರೋಡಿನಲ್ಲಿ ಇಳಿಸುತ್ತದೆ, ಇನ್ನೊಂದು ತಾಳಗುಪ್ಪದಲ್ಲಿ. ದಾರಿಯ ಲೆಕ್ಕ ಅಲ್ಲಿಗೆ ಮುಗಿಯಿತು. ವ್ಯತ್ಯಾಸವಿರುವುದು ನೀರಿನಲ್ಲಿ.

ಶರಾವತಿ ಹಿನ್ನೀರಿನ ದಂಡೆಯ ಹೊನ್ನೆಮರಡಿನ ಕಡೆ ನಾವು ಹಿಡಿದ ಹೋಮ್‌ಸ್ಟೇಯ ಚಿತ್ರದಲ್ಲಿ ನೀರು ಅಂಗಳದ ಬೇಲಿಗೇ ತಾಗಿತ್ತು. ನಾವು ಹೋಗಿದ್ದು ಮೇ ತಿಂಗಳಲ್ಲಿ. ಬೇಲಿಯಾಚೆ ಕಂಡದ್ದು ಬರೀ ಇಳಿಜಾರು ಮಣ್ಣು. ‘ನೀರು ಎಲ್ಲಿ?’ ಎಂದರೆ ಮನೆಯ ಯಜಮಾನರು ದೂರಕ್ಕೆ ಕೈ ತೋರಿಸಿದರು: ‘ಅಲ್ಲಿ ಕಾಣುತ್ತದಲ್ಲ ಮಾರಾಯರೆ, ಅದೇ. ನೀವು ದೀಪಾವಳಿಗೆ ಬರಬೇಕಿತ್ತು.’

ಅದು ನಿಜ. ಆದರೆ ಮುಂಗಡ ಕೊಡುವಾಗ ಯಾರೂ ಈ ಮಾತು ಹೇಳುವುದಿಲ್ಲ. ನಮ್ಮ ಹಿನ್ನೀರು ತಾನಾಗಿ ಹುಟ್ಟಿದ ಸರೋವರವಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ತುಂಬಿಸಿಟ್ಟ ನೀರು. ಮಳೆಗಾಲದಲ್ಲಿ ಗರಿಷ್ಠ ಮಟ್ಟವಾದ 1819 ಅಡಿಯತ್ತ ಏರುತ್ತದೆ, ಆಮೇಲೆ ವಿದ್ಯುತ್ತಿಗಾಗಿ ಇಳಿಯುತ್ತಲೇ ಹೋಗುತ್ತದೆ. ಮುಂದಿನ ಮಳೆ ಹಿಡಿಯುವ ಮುಂಚೆ, ಅಂದರೆ ಮಕ್ಕಳಿಗೆ ರಜೆ ಇರುವಾಗಲೇ, ಅದು ತೀರಾ ತಗ್ಗಿರುತ್ತದೆ. ದಂಡೆ ಸಪಾಟಾಗಿರುವ ಕಡೆ ಮಟ್ಟ ಒಂದು ಅಡಿ ಇಳಿದರೂ ನೀರು ಬಹಳ ದೂರ ಸರಿಯುತ್ತದೆ.

ಸರಿ, ನಡೆದೇ ಹೋಗೋಣ ಎಂದು ಹೊರಟೆವು. ಮೊದಮೊದಲು ಬಿರುಕುಬಿಟ್ಟ ಗಟ್ಟಿ ನೆಲ. ನೀರು ಹತ್ತಿರವಾದಂತೆ ಮೇಲೆ ಒಣಗಿದ ತೆಳು ಪದರ, ಒಳಗೆ ಕೆಸರು. ಮುಂದೆ ಓಡಿದ ಮಗಳ ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ತೆಪ್ಪದಲ್ಲಾದರೂ ಒಂದು ಸುತ್ತು ಹೋಗಬಹುದು ಎಂದುಕೊಂಡರೆ ಅದೂ ಇಲ್ಲ. ಅಣೆಕಟ್ಟಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಕಪ್ಪಗೆ ತಲೆಯೆತ್ತಿ ನಿಂತಿದ್ದವು, ನೀರಿನಡಿ ಕಾಣದವು ಇನ್ನೆಷ್ಟೋ. ತಾಗಿದರೆ ತೆಪ್ಪ ಮಗುಚುತ್ತದೆ ಎಂದು ತೆಪ್ಪದವನು ಒಪ್ಪಲಿಲ್ಲ. ಅವನು ಮಾಡಿದ್ದೇ ಸರಿ. ಆದರೆ ನೀರಿಗಾಗಿ ಬಂದವರು ನೀರು ಮುಟ್ಟದೆ ಜಗಲಿಯಲ್ಲಿ ಕುಳಿತಿರಬೇಕಾಯಿತು.

ನೀರು ಚೆನ್ನಾಗಿ ಇಳಿದ ವರ್ಷ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ. ಲಿಂಗನಮಕ್ಕಿಗಿಂತ ಮುಂಚಿನದು, ಲಿಂಗನಮಕ್ಕಿಯ ನೀರಿನಲ್ಲೇ ಮುಳುಗಿದ್ದು. ಹೆಚ್ಚಾದ ನೀರನ್ನು ತಾನಾಗಿ ಹೊರಹಾಕುತ್ತಿದ್ದ ಅದರ ಸೈಫನ್‌ಗಳನ್ನು ನೋಡುವ ಆಸೆಯಿದ್ದವರು ಬೇಸಿಗೆಯಲ್ಲೇ ಹೋಗಬೇಕು. ಮುಳುಗಡೆಯಲ್ಲಿ ಮನೆ, ಗದ್ದೆ ಕಳೆದುಕೊಂಡವರ ನೆಲ ಅದು, ಆ ಗೌರವವನ್ನು ಇಟ್ಟುಕೊಂಡೇ ಹೋಗಬೇಕು.

ಕಡಲಿಗೆ ಈ ತಾಪತ್ರಯವಿಲ್ಲ. ಇಳಿತದಲ್ಲಿ ಹಿಂದೆ ಸರಿದರೂ ಆರು ಗಂಟೆ ಕಾದರೆ ಉಬ್ಬರ ಬಂದೇ ಬರುತ್ತದೆ. ಗೋಕರ್ಣದ ಕುಡ್ಲೆ ಬೀಚಿನಲ್ಲಿ ಉಳಿದರೆ ಬೆಳಿಗ್ಗೆ ಎದ್ದು ಗುಡ್ಡ ಹತ್ತಿ ಓಂ ಬೀಚಿಗೆ ಇಳಿಯಬಹುದು. ಅಲ್ಲಿಂದ ಬಂಡೆಗಳ ಅಂಚಿನ ಕಾಲುದಾರಿಯಲ್ಲಿ ಹಾಫ್ ಮೂನ್ ಬೀಚಿಗೆ. ದಾರಿಯುದ್ದಕ್ಕೂ ಕೆಂಪು ಮುರಕಲ್ಲು, ಕೆಳಗೆ ಅಲೆಗಳ ಹೊಡೆತ. ಬಂಡೆಯ ಸಂದಿಗೆ ನುಗ್ಗಿದ ನೀರು ನೊರೆಯಾಗಿ ಮೇಲೆ ಚಿಮ್ಮಿ, ಕಲ್ಲಿನ ತೂತುಗಳಿಂದ ಸಣ್ಣ ಸಣ್ಣ ಎಳೆಯಾಗಿ ಇಳಿಯುವುದನ್ನು ಮಗಳು ಗಂಟೆಗಟ್ಟಲೆ ನೋಡಿದಳು. ನಡಿಗೆ ನನಗೆ ನಿತ್ಯದ ಅಭ್ಯಾಸ. ಏರಿಳಿತವಿಲ್ಲದ ಕಡೆ ನನಗೆ ಎರಡನೆಯ ದಿನಕ್ಕೇ ಬೇಸರ ಬರುತ್ತದೆ.

ಕಡಲು ಅಪಾಯಕಾರಿ, ಹಿನ್ನೀರು ಸುರಕ್ಷಿತ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಡಲು ತನ್ನ ಸಿಟ್ಟನ್ನು ಮುಖದ ಮೇಲೆಯೇ ತೋರಿಸುತ್ತದೆ, ಓಂ ಮತ್ತು ಕುಡ್ಲೆಯಲ್ಲಿ ಜೀವರಕ್ಷಕರು ಇದ್ದಾರೆ, ಅವರು ಶಿಳ್ಳೆ ಹೊಡೆದರೆ ಮರುಮಾತಿಲ್ಲದೆ ದಡಕ್ಕೆ ಬರಬೇಕು. ಹಿನ್ನೀರು ಕಣಿವೆಯ ಮೇಲೆ ನಿಂತ ನೀರು. ಎರಡು ಹೆಜ್ಜೆ ಮುಂದಿಟ್ಟರೆ ಎಲ್ಲಿ ಆಳವೆಂದು ಗೊತ್ತಾಗುವುದಿಲ್ಲ. ಈಜು ಬಲ್ಲವರೂ ಅಲ್ಲಿ ಲೈಫ್ ಜಾಕೆಟ್ ಇಲ್ಲದೆ ಇಳಿಯಬಾರದು.

ಊಟದಲ್ಲಿ ಹಿನ್ನೀರಿಗೇ ಜಯ. ತಂಬುಳಿ, ಅಪ್ಪೆಹುಳಿ, ಬಿಸಿ ನೀರುದೋಸೆ, ಬಡಿಸುವವರ ಪ್ರೀತಿ. ರಾತ್ರಿ ತಂಪೂ ಅಲ್ಲೇ ಹೆಚ್ಚು. ಗೋಕರ್ಣದ ಮೇ ಸೆಕೆ ಮೈಯನ್ನು ಹಿಂಡುತ್ತದೆ, ಹನ್ನೊಂದರ ಮೇಲೆ ಮುರಕಲ್ಲಿನ ಮೇಲೆ ಬರಿಗಾಲು ಇಡಲಾಗದು.

ಖರ್ಚಿನ ವಿಷಯ. ಹೋಮ್‌ಸ್ಟೇಯಲ್ಲಿ ಊಟ ಸೇರಿಸಿ ತಲೆಗಿಷ್ಟು ಎಂದು ಲೆಕ್ಕ, ಮಗುವಿನದೂ ಸೇರುತ್ತದೆ. ಗೋಕರ್ಣದಲ್ಲಿ ಕೋಣೆಗಷ್ಟೇ ಬಾಡಿಗೆ; ಊಟ ನಮ್ಮ ಕೈಯಲ್ಲಿರುತ್ತದೆ. ನಾಲ್ಕು ಜನರ ಸಂಸಾರಕ್ಕೆ ನನಗೆ ಇದೇ ಹಗುರವಾಯಿತು.

ದಸರಾದಿಂದ ಸಂಕ್ರಾಂತಿಯೊಳಗೆ ರಜೆ ಸಿಗುವವರು, ಸುಮ್ಮನೆ ಕುಳಿತು ಪುಸ್ತಕ ಓದಬಯಸುವವರು ಹಿನ್ನೀರಿಗೆ ಹೋಗಲಿ, ಆಗ ಅದು ತುಂಬಿರುತ್ತದೆ. ಶಾಲೆಯ ರಜೆಗೆ ಕಟ್ಟುಬಿದ್ದ ನಮ್ಮಂಥವರಿಗೆ ಗೋಕರ್ಣವೇ ಸೈ, ಅದೂ ಮೇ ಕೊನೆಯೊಳಗೆ. ಜೂನ್ ಹಿಡಿದರೆ ಕಡಲಿಗೆ ಇಳಿಯುವಂತಿಲ್ಲ. ಕುಡ್ಲೆಯಲ್ಲಿ ಕೋಣೆ ಹಿಡಿಯುವಾಗ ಆಟೋ ಎಲ್ಲಿಯವರೆಗೆ ಬರುತ್ತದೆ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಮೆಟ್ಟಿಲು ಇಳಿಯಲಾಗದ ಹಿರಿಯರು ಜೊತೆಗಿದ್ದರೆ ಊರೊಳಗೆ ರಥಬೀದಿಯ ಆಸುಪಾಸಿನಲ್ಲಿ ಉಳಿಯುವುದು ಮೇಲು. ಅಲ್ಲಿಂದ ಮುಖ್ಯ ಬೀಚಿಗೆ ಸಮತಟ್ಟಾದ ದಾರಿಯಿದೆ.