ಯೀಸ್ಟೋ, ಎಲೆಯೋ? ವೈರಸ್ ಪ್ರೋಟೀನ್‌ಗಳ ನಂಟು ನೋಡಲು ಯಾವುದು ಸರಿ

ಗಿಡದ ವೈರಸ್‌ನ ಎರಡು ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಯೇ ಎಂದು ನೋಡಬೇಕಾ? ಹೆಚ್ಚಿನವರು ಯೀಸ್ಟ್ ಟೂ-ಹೈಬ್ರಿಡ್, ಬೈಎಫ್‌ಸಿ ಎಂಬ ಎರಡು ವಿಧಾನಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು ಯೀಸ್ಟ್‌ನಲ್ಲಿ, ಎರಡನೆಯದು ಗಿಡದ ಎಲೆಯಲ್ಲಿ.

ಯೀಸ್ಟ್ ಟೂ-ಹೈಬ್ರಿಡ್ 1989ರಿಂದ ಇದೆ. ಖರ್ಚು ಕಡಿಮೆ, ನೂರಾರು ಜೋಡಿಗಳನ್ನು ಒಟ್ಟಿಗೆ ನೋಡಬಹುದು. ಪ್ರೋಟೀನ್‌ಗಳು ಕೂಡಿದರೆ ಯೀಸ್ಟ್ ಬೆಳೆಯುತ್ತದೆ. ಆದರೆ ಇದೆಲ್ಲ ನಡೆಯುವುದು ಯೀಸ್ಟ್‌ನ ನ್ಯೂಕ್ಲಿಯಸ್‌ನಲ್ಲಿ. ತಂಬಾಕು ಮೊಸಾಯಿಕ್ ವೈರಸ್‌ನ ಮೂವ್‌ಮೆಂಟ್ ಪ್ರೋಟೀನ್ (ವೈರಸ್ ಕೋಶದಿಂದ ಕೋಶಕ್ಕೆ ಹರಡಲು ನೆರವಾಗುವಂಥದ್ದು) ಹೋಗಿ ಸೇರುವುದು ಜೀವಕೋಶಗಳ ನಡುವಿನ ಸಣ್ಣ ಕಿಂಡಿಗಳಿಗೆ, ಅಂದರೆ ಪ್ಲಾಸ್ಮೋಡೆಸ್ಮಾಟಾಗೆ. ಪೊರೆಗೆ ಅಂಟುವ ಇಂಥದ್ದನ್ನು ನ್ಯೂಕ್ಲಿಯಸ್‌ಗೆ ಎಳೆದು ತಂದರೆ ಉತ್ತರ ನಂಬುವುದು ಕಷ್ಟ ಅಲ್ವಾ?

ನನಗೆ ಬೈಎಫ್‌ಸಿ ಜಾಸ್ತಿ ಇಷ್ಟ. ಹಳದಿಯಾಗಿ ಹೊಳೆಯುವ ಪ್ರೋಟೀನನ್ನು ಎರಡು ತುಂಡು ಮಾಡಿ, ನಾವು ನೋಡಬೇಕಾದ ಒಂದೊಂದು ಪ್ರೋಟೀನ್‌ಗೆ ಒಂದೊಂದು ತುಂಡು ಜೋಡಿಸುತ್ತಾರೆ. ಆ ಪ್ರೋಟೀನ್‌ಗಳು ಕೂಡಿದರೆ ತುಂಡುಗಳೂ ಸೇರಿ ಹೊಳೆಯುತ್ತವೆ. ಇವುಗಳ ಜೀನ್ ಹೊತ್ತ ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ದ್ರವವನ್ನು ಸೂಜಿ ಇಲ್ಲದ ಸಿರಿಂಜ್‌ನಿಂದ ನಿಕೋಟಿಯಾನಾ ಬೆಂಥಾಮಿಯಾನಾ ಎಂಬ ತಂಬಾಕಿನ ಬಂಧು ಗಿಡದ ಎಲೆಯ ಅಡಿಭಾಗಕ್ಕೆ ಒತ್ತುತ್ತಾರೆ. ಎಲೆಯಲ್ಲಿ ಕಡುಹಸಿರು ಒದ್ದೆ ಕಲೆ ಮೆಲ್ಲಗೆ ಹರಡುತ್ತದೆ. ಎರಡು-ಮೂರು ದಿನ ಬಿಟ್ಟು ಕಾನ್‌ಫೋಕಲ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ, ಕೂಡಿದವೋ ಇಲ್ಲವೋ ಅನ್ನುವುದರ ಜೊತೆಗೆ ಎಲ್ಲಿ ಕೂಡಿದವು ಅನ್ನುವುದೂ ಕಾಣುತ್ತದೆ. ಕೋಶದ ಅಂಚಿನಲ್ಲಿ ಸಾಲು ಚುಕ್ಕಿಗಳಿದ್ದರೆ ಅದು ಕಿಂಡಿಗಳ ಸುಳಿವು.

ಒಂದು ಎಚ್ಚರಿಕೆ. ಆ ತುಂಡುಗಳು ಒಮ್ಮೆ ಸೇರಿದರೆ ಬಿಡುವುದು ಅಪರೂಪ. ಪ್ರೋಟೀನ್ ವಿಪರೀತ ತಯಾರಾದರೆ ಸುಮ್ನೆ ಪಕ್ಕದಲ್ಲಿದ್ದರೂ ಹೊಳೆಯುತ್ತವೆ. ಹೋಲಿಕೆಗೆ ಬರೀ ಖಾಲಿ ತುಂಡು ಇಟ್ಟರೆ (ಕಂಟ್ರೋಲ್) ಸಾಲದು, ಅಂಟುವ ಜಾಗ ಕೆಡಿಸಿದ ಅದೇ ಪ್ರೋಟೀನನ್ನೂ ಇಡಿ.

ಹೊಸ ಜೊತೆಗಾರರನ್ನು ಹುಡುಕುತ್ತಿದ್ದರೆ ಯೀಸ್ಟ್. ಜೋಡಿ ಗೊತ್ತಿದ್ದು ಜಾಗ ಬೇಕಿದ್ದರೆ ಎಲೆ. ಒಂದೇ ಪ್ರೋಟೀನ್ ಎಲ್ಲಿದೆ ಅಂತ ಮಾತ್ರ ನೋಡಬೇಕಾದರೆ ಇವೆರಡೂ ಬೇಡ, ಹಸಿರಾಗಿ ಹೊಳೆಯುವ ಪ್ರೋಟೀನ್ ಆದ ಜಿಎಫ್‌ಪಿಯನ್ನು ಬಾಲವಾಗಿ ಜೋಡಿಸಿದರೆ ಸಾಕು.