ಹಾಸನದಲ್ಲಿ ಕೊಂಡ ಹಳೇ ವ್ಯಾಗನ್ ಆರ್: ಎಂಟು ತಿಂಗಳ ಅನುಭವ

ಕೈಲಿದ್ದಿದ್ದು ಎರಡೂವರೆ ಲಕ್ಷ. ಅಪ್ಪನಿಗೆ ಮಂಡಿ ನೋವು. ತಿಂಗಳಿಗೆರಡು ಸಲ ಬೇಲೂರಿನಿಂದ ಹಾಸನದ ಆಸ್ಪತ್ರೆಗೆ ಬಸ್ಸಲ್ಲಿ ಹೋಗೋದು ಅವರಿಂದ ಆಗುತ್ತಿರಲಿಲ್ಲ.

ಮೊದಲು ಒಂದು ಅಂಗಡಿಯಲ್ಲಿ ನೋಡಿದ ಕಾರು ಫಳಫಳ ಹೊಳೆಯುತ್ತಿತ್ತು. ಮೀಟರ್‌ನಲ್ಲಿ ಬರೀ 48,000 ಕಿ.ಮೀ. ಆದರೆ ಬ್ರೇಕ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಅಷ್ಟು ಕಡಿಮೆ ಓಡಿದ ಗಾಡಿಗೆ ಹೀಗಾಗುತ್ತಾ? ಡಿಕ್ಕಿಯ ಮ್ಯಾಟ್ ಎತ್ತಿದೆ. ಸ್ಟೆಪ್ನಿ ಗುಂಡಿಯ ತುಂಬಾ ತುಕ್ಕು, ಮೂಲೆಯಲ್ಲಿ ಒಣಗಿದ ಕೆಸರು. ನೀರಲ್ಲಿ ಮುಳುಗಿದ ಗಾಡಿ ಅನ್ನಿಸಿತು, ವಾಪಸ್ ಬಂದೆ.

ಕೊನೆಗೆ ಸಿಕ್ಕಿದ್ದು ನಿವೃತ್ತ ಮೇಷ್ಟ್ರೊಬ್ಬರ 2014ರ ವ್ಯಾಗನ್ ಆರ್, ಕೆಎ-13 ನಂಬರ್. 2.10 ಲಕ್ಷಕ್ಕೆ ಒಪ್ಪಿದರು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿದೆ. ಬಿಸಿಯಾದ ಮೇಲೆ ಎಷ್ಟೋ ದೋಷ ಮುಚ್ಚಿಹೋಗುತ್ತೆ. ಹೊಗೆ ಇರಲಿಲ್ಲ. 998 ಸಿಸಿ ಎಂಜಿನ್, ಒಳಗೆ ರಬ್ಬರ್ ಟೈಮಿಂಗ್ ಬೆಲ್ಟ್ ಬದಲು ಲೋಹದ ಚೈನ್ ಇದೆ, ಹಾಗಾಗಿ ಬೆಲ್ಟ್ ಬದಲಿಸುವ ಖರ್ಚಿಲ್ಲ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಇಲ್ಲ ಅಂತ ನೋಡಿಕೊಂಡೇ ದುಡ್ಡು ಕೊಟ್ಟೆ. ಗಾಡಿ ನನ್ನ ಹೆಸರಿಗೆ ವರ್ಗಾಯಿಸೋಕೆ ಬೇಕಾದ ಫಾರಂ 29, 30ಕ್ಕೆ ಅವತ್ತೇ ಸಹಿ ಹಾಕಿಸಿಕೊಂಡೆ.

ಉಳಿದ 40,000 ನಿಜವಾಗಿಯೂ ಬೇಕಾಯ್ತು. ನಾಲ್ಕು ಟೈರ್, ಬ್ಯಾಟರಿ, ಇನ್ಶೂರೆನ್ಸ್, ಅಷ್ಟರಲ್ಲೇ ಮುಗೀತು. ಇರೋ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ.

ಎಂಟು ತಿಂಗಳಾಯ್ತು, ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ. ಸೀಟು ಎತ್ತರ ಇದೆ ಅಲ್ವಾ, ಅಪ್ಪ ಈಗ ನನ್ನ ಕೈ ಹಿಡಿಯದೆ ತಾವೇ ಹತ್ತಿ ಕೂರುತ್ತಾರೆ.